ಮಟಮಟ ಮಧ್ಯಾಹ್ನಕ್ಕೇ ಸೋಲಾರ್ ಇನ್ವರ್ಟರ್ ಆಫ್ ಆಗ್ತಿದೆ, ಮೋಡ ಇದ್ರೆ ಸರಿ ಇರತ್ತೆ!!

ಬಿಸಿಲುಕೋಲು:
ಎಲ್ರಿಗೂ ನಮಸ್ಕಾರ. 5 ಕಿಲೋವ್ಯಾಟ್ ಆನ್‌ಗ್ರಿಡ್ ಸೋಲಾರ್ (ಮಿಕ್ಕಿದ ಕರೆಂಟು ಲೈನಿಗೆ ಹೋಗೋ ಥರದ್ದು) ಹಾಕ್ಸಿ ಮೂರು ತಿಂಗಳಾಯ್ತು, ಬೆಳಗ್ಗೆ ಚೆನ್ನಾಗೇ ಓಡತ್ತೆ, ಹನ್ನೊಂದೂವರೆ ಆಯ್ತು ಅಂದ್ರೆ ಟಕ್ ಅಂತ ರಿಲೇ ಸೌಂಡು, ಔಟ್‌ಪುಟ್ ಸೊನ್ನೆ, ಸ್ವಲ್ಪ ಹೊತ್ತಿಗೆ ತಾನೇ ಆನ್ ಆಗತ್ತೆ, ಮತ್ತೆ ಟಕ್. ಆ್ಯಪ್‌ನಲ್ಲಿ ಗ್ರಾಫು ಗರಗಸದ ಹಲ್ಲು ಇದ್ದಂಗಿದೆ. ಮೋಡದ ದಿನ ಒಂದ್ಸಲಾನೂ ಹಿಂಗಾಗಲ್ಲ. ಮನೇಲಿ ಎಲ್ಲಾ ಎಲ್‌ಇಡಿ, ಬಿಎಲ್‌ಡಿಸಿ ಫ್ಯಾನು, ಹಗಲು 300 ವ್ಯಾಟೂ ಬೇಕಾಗಲ್ಲ. ಹಾಕಿಕೊಟ್ಟವ್ರು ಪ್ಯಾನೆಲ್ ತೊಳೀರಿ ಅಂದ್ರು, ತೊಳ್ದೆ, ನೀರು ದಂಡ.

ನೆರಳುಬೆಳಕು:
ಟ್ಯಾಂಕಿನ ನೆರಳು ಬೀಳ್ತಿರಬೋದು ನೋಡಿ

ತಾಮ್ರತಂತಿ:
ನೆರಳು ಬಿದ್ರೆ ಔಟ್‌ಪುಟ್ ಇಳಿಯತ್ತೆ, ಹಿಂಗೆ ಪೂರ್ತಿ ಸೊನ್ನೆ ಆಗಲ್ಲ. ಇದು ಓವರ್ ವೋಲ್ಟೇಜ್ ಥರ ಇದೆ. ಇನ್ವರ್ಟರ್ ಕರೆಂಟನ್ನ ಲೈನಿಗೆ ತಳ್ಳಬೇಕಾದ್ರೆ ಲೈನಿಗಿಂತ ಸ್ವಲ್ಪ ಜಾಸ್ತಿ ವೋಲ್ಟೇಜ್ ಏರಿಸ್ಲೇಬೇಕು, ವೈರು ಸಣ್ಣ ಆದಷ್ಟೂ ಜಾಸ್ತಿ ಏರಿಸ್ಬೇಕು. 230 ಲೈನಲ್ಲಿ ಶೇಕಡಾ 10 ಮೇಲೆ, ಅಂದ್ರೆ 253 ದಾಟಿದ್ರೆ ಕಟ್ ಆಗೋ ಸೆಟ್ಟಿಂಗ್ ತುಂಬಾ ಇನ್ವರ್ಟರ್‌ಗಳಲ್ಲಿ ಇರತ್ತೆ. ನಿಮ್ಮನೆ ಕರೆಂಟು ಮಿಗಿಸೋ ಮನೆ, ಅದಕ್ಕೇ ಬಂದಿದ್ದೆಲ್ಲಾ ಹೊರಗೆ ಹೋಗ್ತಿದೆ (ಮಿತವ್ಯಯಕ್ಕೆ ಸಿಕ್ಕ ಬಹುಮಾನ ಅನ್ಕೊಳ್ಳಿ). ಮಧ್ಯಾಹ್ನ ಇನ್ವರ್ಟರ್ ಹತ್ರ ಒಂದು, ಕೆಳಗೆ ಮೇನ್ ಬೋರ್ಡಲ್ಲಿ ಒಂದು ರೀಡಿಂಗ್ ಒಟ್ಟಿಗೇ ತಗೊಳ್ಳಿ, ವೈರ್ ಸೈಜು ಉದ್ದಾನೂ ಹೇಳಿ.

ಬಿಸಿಲುಕೋಲು:
ಟ್ರಿಪ್ ಆಗೋ ಮುಂಚೆ ಇನ್ವರ್ಟರ್ 255, ಬೋರ್ಡು 248, ಔಟ್‌ಪುಟ್ 4.6 ಕಿಲೋವ್ಯಾಟ್. ಬೆಳಗ್ಗೆ ಸೋಲಾರ್ ಶುರು ಆಗೋ ಮುಂಚೆ ಎರಡೂ ಕಡೆ 241. ವೈರು 4 ಸ್ಕ್ವೇರ್ ಎಂಎಂ ತಾಮ್ರ, 30 ಮೀಟರ್. ಲಿಮಿಟ್ಟನ್ನೇ 265ಕ್ಕೆ ಏರಿಸಿಬಿಟ್ರೆ?

ತಾಮ್ರತಂತಿ:
ಅಯ್ಯೋ ಬೇಡ. ಆ ಲಿಮಿಟ್ ಇರೋದೇ ನಿಮ್ಮ ಫ್ರಿಜ್ಜು ಟೀವಿ ಉಳಿಸೋಕೆ, ಜೊತೆಗೆ ಅದು ಕರೆಂಟ್ ಕೊಡೋವ್ರ ರೂಲು, ನಾವು ಮುಟ್ಟೋ ಹಾಗಿಲ್ಲ.
ಲೆಕ್ಕ ನೋಡಿ, ಹೋಗಿ ಬರೋದು ಸೇರಿ 60 ಮೀಟರ್, 4 ಸ್ಕ್ವೇರಲ್ಲಿ ಹೆಚ್ಚುಕಮ್ಮಿ 0.28 ಓಮ್, 18 ಆಂಪಿಯರ್ ಹರಿದ್ರೆ 5 ವೋಲ್ಟ್. ನಿಮಗೆ ಬಂದಿರೋದು 7. ಉಳಿದ 2 ವೋಲ್ಟ್ ಎಲ್ಲೋ ಜಾಯಿಂಟಲ್ಲಿ ಕೂತಿದೆ, 2 ಗುಣಿಸು 18, 36 ವ್ಯಾಟ್ ಬಿಸಿ ಒಂದು ಸ್ಕ್ರೂ ಬುಡದಲ್ಲಿ!! ಇದು ತಡ ಮಾಡೋ ವಿಷ್ಯ ಅಲ್ಲ. ಎಲೆಕ್ಟ್ರೀಷಿಯನ್ ಕರೆಸಿ, ಎಸಿ (ಲೈನ್ ಕಡೆ) ಡಿಸಿ (ಪ್ಯಾನೆಲ್ ಕಡೆ) ಎರಡೂ ಐಸೊಲೇಟರ್, ಅಂದ್ರೆ ಸಂಪರ್ಕ ಕಡಿಯೋ ಸ್ವಿಚ್ಚು, ಆಫ್ ಮಾಡ್ಸಿ, ಆಫ್ ಮಾಡಿದ್ರೂ ಬಿಸಿಲಿರೋವರೆಗೂ ಪ್ಯಾನೆಲ್ ಕಡೆ ವೈರಲ್ಲಿ ವೋಲ್ಟೇಜ್ ಇದ್ದೇ ಇರತ್ತೆ, ಅದ್ನ ಮುಟ್ಟಬೇಡಿ. ವೈರ್ ಹೆಂಗಿದ್ರೂ 10 ಸ್ಕ್ವೇರ್ ಎಳೆಸಿಬಿಡಿ, 5 ಇದ್ದಿದ್ದು 2 ಆಗತ್ತೆ. ಬೋರ್ಡಿಂದಾಚೆ ಏರ್ತಿರೋ ಇನ್ನೊಂದು 7 (241ರಿಂದ 248) ಸರ್ವಿಸ್ ಲೈನಿಂದು, ಅಂದ್ರೆ ಕಂಬದಿಂದ ಮನೆಗೆ ಬರೋ ವೈರಿಂದು, ಅದಕ್ಕೆ ಅವರಿಗೇ ಕಂಪ್ಲೇಂಟ್ ಕೊಡ್ಬೇಕು. ಅಲ್ಲಿವರೆಗೂ ಪಂಪು, ಗೀಸರ್, ವಾಷಿಂಗ್ ಮಷೀನ್ ಮಧ್ಯಾಹ್ನಕ್ಕೆ ಹಾಕಿ, ಹೊರಗೆ ಹೋಗೋದು ಕಮ್ಮಿ ಆಗತ್ತೆ.

ಬಿಸಿಲುಕೋಲು:
ಎಸಿ ಐಸೊಲೇಟರ್ ಬಾಕ್ಸ್ ತೆಗೆದ್ರೆ ನ್ಯೂಟ್ರಲ್ ಸ್ಕ್ರೂ ಕಾಲು ಸುತ್ತು ಸಡಿಲ, ಪಕ್ಕದ ಇನ್ಸುಲೇಶನ್ ಕಂದುಬಣ್ಣಕ್ಕೆ ತಿರುಗಿ ಗರಿಗರಿ ಆಗಿತ್ತು, ಉಗುರು ತಾಗಿಸಿದ್ರೆ ಪುಡಿ. ಐಸೊಲೇಟರ್ ಬದಲಾಯಿಸಿ 10 ಸ್ಕ್ವೇರ್ ಹಾಕ್ಸಿದೆ. ನಿನ್ನೆ ಸುಡುಬಿಸಿಲಲ್ಲೂ 250 ದಾಟ್ಲಿಲ್ಲ, ಗ್ರಾಫು ಬೋರಲು ಹಾಕಿದ ಬಟ್ಟಲಿನ ಥರ ನುಣ್ಣಗಿದೆ. ಸರ್ವಿಸ್ ಲೈನಿಗೆ ಅರ್ಜಿ ಕೊಟ್ಟಿದೀನಿ, ಗೀಸರಿಗೆ ಟೈಮರೂ ಬಂತು.

ನೆರಳುಬೆಳಕು:
ನಮ್ದೂ 4 ಸ್ಕ್ವೇರೇ, ನಾಳೆ ಮೀಟರ್ ಹಿಡ್ಕೊಂಡು ಮೇಲೆ ಹತ್ತೀನಿ