ಟಿವಿ ಅಣಕಕ್ಕೆ ಹೊಸ ಕಾರ್ಯಕ್ರಮಗಳು: ಆಡಿಸಿ ನೋಡಿದವರ ಅನುಭವ

ಪ್ರಶ್ನೆ: ಕಲಬುರಗಿಯ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಇಪ್ಪತ್ತು ನಿಮಿಷದ ನಗೆನಾಟಕ ಸಿದ್ಧಪಡಿಸುತ್ತಿದ್ದೇವೆ. ಇಲ್ಲದ ಒಂದು ವಾಹಿನಿಯನ್ನು ಹುಟ್ಟಿಸಿ, ಅದರ ಕಾರ್ಯಕ್ರಮಗಳನ್ನು ತೋರಿಸುವುದು ಉದ್ದೇಶ. ಇಂಥದ್ದನ್ನು ಆಡಿಸಿದವರು ಯಾವುದು ನಗಿಸಿತು, ಯಾವುದು ಸೋತಿತು ಎಂಬುದನ್ನು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ: ನಾವು ಆಡಿಸಿದ್ದರಲ್ಲಿ ಗೆದ್ದದ್ದು ‘ಒಂದು ಕೂಲರ್, ಆರು ಮಂದಿ’ ಎಂಬ ರಿಯಾಲಿಟಿ ಶೋ. ಮೇ ತಿಂಗಳಿನಲ್ಲಿ ಒಂದೇ ಮನೆಯ ಆರು ಜನ ಕೂಲರ್ ಮುಂದಿನ ಜಾಗಕ್ಕಾಗಿ ಸ್ಪರ್ಧಿಸುತ್ತಾರೆ. ಅದಕ್ಕೆ ನೀರು ತುಂಬುವ ಸರದಿ ತಪ್ಪಿಸಿಕೊಂಡವರ ವಿರುದ್ಧ ಉಳಿದವರು ಮತ ಹಾಕಿ, ಅವರನ್ನು ಮಾಳಿಗೆಯ ಮೇಲೆ ಮಲಗಲು ಕಳುಹಿಸುತ್ತಾರೆ. ಕೊನೆಗೆ ಗೆದ್ದ ಹಿರಿಯಣ್ಣ ಕೂಲರ್ ಎದುರು ಕಾಲು ಚಾಚುತ್ತಿದ್ದಂತೆ ಕರೆಂಟ್ ಹೋಗುತ್ತದೆ, ಮಾಳಿಗೆಯಿಂದ ಸೋತ ಐವರ ಗೊರಕೆ ಕೇಳಿಸುತ್ತದೆ. ಆದರೆ ಸಭಾಂಗಣ ಹೆಚ್ಚು ನಕ್ಕದ್ದು ಅದಕ್ಕಲ್ಲ. ನಿರೂಪಕಿ ಕಣ್ಣೊರೆಸಿಕೊಳ್ಳುತ್ತ, ‘ಈ ಕ್ಷಣದಲ್ಲಿ ನಿಮಗೆ ಏನನ್ನಿಸುತ್ತಿದೆ?’ ಎಂದು ಕೇಳಿದಾಗ, ಹೊರಬಿದ್ದ ಕಾಕಾ ‘ಯಾನ್ ಅನಸ್ಬೇಕ್ರಿ, ಶೆಕಿ ಆಗ್ಲತ್ತದ’ ಎನ್ನುತ್ತ ಟವೆಲ್ ಬೀಸಿಕೊಂಡರು. ಆದ್ದರಿಂದ ನಿರೂಪಕರಿಗೆ ವಾಹಿನಿಯ ಮಾತು, ಸ್ಪರ್ಧಿಗಳಿಗೆ ನಮ್ಮ ಮಾತು ಎಂದು ಮೊದಲೇ ಹಂಚಿಬಿಡಿ. ಪರದೆಗೆ ಫ್ರಿಜ್‌ನ ಖಾಲಿ ರಟ್ಟಿನ ಡಬ್ಬಿಯನ್ನು ಚೌಕಟ್ಟಾಗಿ ಕತ್ತರಿಸಿದರೆ ಸಾಕು. ಧಾರಾವಾಹಿಯ ದೃಶ್ಯದಲ್ಲಿ ಒಬ್ಬ ಹುಡುಗ ಆ ಚೌಕಟ್ಟನ್ನು ಹಿಡಿದು ಅತ್ತೆಯ ಮುಖಕ್ಕೆ, ಸೊಸೆಯ ಮುಖಕ್ಕೆ, ಮತ್ತೆ ಅತ್ತೆಯ ಮುಖಕ್ಕೆ ಓಡಿ ಓಡಿ ಸುಸ್ತಾಗಬೇಕು.

ಎರಡನೆಯ ಉತ್ತರ: ಅಡುಗೆ ಸ್ಪರ್ಧೆಯ ಅಣಕಕ್ಕೆ ಕೈ ಹಾಕಬೇಡಿ. ನಾವು ವೇದಿಕೆಯ ಮೇಲೆಯೇ ಜೋಳದ ರೊಟ್ಟಿ ತಟ್ಟಿಸಿದೆವು. ಎಸರು ಕುದಿಯುವಷ್ಟರಲ್ಲಿ ಹಿಂದಿನ ಸಾಲಿನವರು ಎದ್ದು ಹೋದರು, ಬೆಂದ ಎರಡು ರೊಟ್ಟಿಯನ್ನು ತೀರ್ಪುಗಾರರು ನಿಜವಾಗಿಯೇ ತಿಂದು, ಸಂಭಾಷಣೆ ಮರೆತರು.

ಮೂರನೆಯ ಉತ್ತರ: ನಮ್ಮ ಜಿಲ್ಲೆಯ ಹಳೆಯ ಟಿವಿಯನ್ನೂ ಬಳಸಿಕೊಳ್ಳಿ. 1975ರ ಆಗಸ್ಟ್‌ನಿಂದ ಒಂದು ವರ್ಷ ಎಟಿಎಸ್-6 ಎಂಬ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು ಪ್ರಸಾರವಾದವು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾವೂ ಒಂದು. ಸಾರ್ವಜನಿಕ ಜಾಗದಲ್ಲಿಟ್ಟ ಪೆಟ್ಟಿಗೆಯ ಮುಂದೆ ಜನ ಕೂಡುತ್ತಿದ್ದರು, ಅದರೊಳಗಿನ ತಜ್ಞರು ಮಾತ್ರ ಯಾರ ಮಾತನ್ನೂ ಕೇಳಿಸಿಕೊಳ್ಳುವಂತಿರಲಿಲ್ಲ. ನಿಮ್ಮ ಕಾರ್ಯಕ್ರಮದಲ್ಲಿ ಅವರಿಗೆ ಕಿವಿ ಕೊಡಿ, ರೈತರೆಲ್ಲರಿಗೂ ಸಮಾಧಾನವಾಗುವವರೆಗೆ ಪೆಟ್ಟಿಗೆಯಿಂದ ಹೊರಬರುವಂತಿಲ್ಲ ಎಂಬ ನಿಯಮವನ್ನೂ ಹಾಕಿ. ತೊಗರಿಗೆ ಯಾವ ಔಷಧಿ ಹೊಡೆಯಬೇಕೆಂದು ಅವರು ಗಂಭೀರವಾಗಿ ಹೇಳಿದೊಡನೆ ಒಬ್ಬ ಮುತ್ಯಾ ಎದ್ದು ಅದರ ರೊಕ್ಕ ಯಾರು ಕೊಡುತ್ತಾರೆಂದು ಕೇಳಲಿ, ಇನ್ನೊಬ್ಬರು ಹೋದ ವರ್ಷದ ದರದ ಲೆಕ್ಕ ತೆಗೆಯಲಿ, ಮತ್ತೊಬ್ಬರು ಮಗಳಿಗೆ ವರ ಇದ್ದರೆ ಹೇಳಿ ಎನ್ನಲಿ. ಅಷ್ಟು ಹೊತ್ತೂ ಗ್ರಾಂಥಿಕ ಕನ್ನಡದಲ್ಲಿಯೇ ಮಾತನಾಡಿದ ತಜ್ಞರು ಕೊನೆಗೆ ಚೌಕಟ್ಟಿನಿಂದ ತಲೆ ಹೊರಹಾಕಿ, ‘ಕರೆಂಟ್ ಯಾವಾಗ ಹೋಗ್ತದ್ರಿ?’ ಎಂದು ಕೇಳಬೇಕು.