ಸಿಂಗಾಪುರದಿಂದ ಕ್ರೂಸ್: ಅಮ್ಮ ಪಕ್ಕಾ ಸಸ್ಯಾಹಾರಿ, ಅಪ್ಪನಿಗೆ ವೈನ್ ಇಷ್ಟ, ರೂಮು ಯಾವುದು ತಗೊಳ್ಳಲಿ?

ತುಮಕೂರು_ಹುಡುಗಿ:
ಅಪ್ಪನಿಗೆ ಅರವತ್ತು ತುಂಬುತ್ತಿದೆ. ಹೋಮ, ಊಟ ಎಲ್ಲ ಆದ ಮೇಲೆ ಇಬ್ಬರನ್ನೂ ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಕಡೆ ಹೋಗಿಬರುವ ಓವೇಶನ್ ಆಫ್ ದ ಸೀಸ್ ಹಡಗಿಗೆ ಹತ್ತಿಸೋಣ ಅಂತ ನಾವು ಮಕ್ಕಳು ಯೋಚಿಸುತ್ತಿದ್ದೇವೆ. ತೊಂದರೆ ಏನಂದ್ರೆ ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ. ಈರುಳ್ಳಿ ಬೆಳ್ಳುಳ್ಳಿ ಪರವಾಗಿಲ್ಲ. ಅಪ್ಪ ರಾತ್ರಿ ಊಟಕ್ಕೆ ಒಂದು ಗ್ಲಾಸ್ ರೆಡ್ ವೈನ್ ತಗೊಳ್ತಾರೆ, ಅಷ್ಟೇ. ಏಜೆಂಟ್ ಮಾತ್ರ ಡ್ರಿಂಕ್ಸ್ ಪ್ಯಾಕೇಜ್ (ದಿನದ ಲೆಕ್ಕದಲ್ಲಿ ದುಡ್ಡು ಕಟ್ಟಿ ಬೇಕಾದಷ್ಟು ಕುಡಿಯೋದು) ತಗೊಳ್ಳಿ, ಬಾಲ್ಕನಿ ರೂಮೇ ತಗೊಳ್ಳಿ ಅಂತ ಬೆನ್ನು ಬಿಡುತ್ತಿಲ್ಲ. ನಿಜವಾಗಲೂ ಬೇಕಾ?

ಹಳೇ_ವೇಟರ್_ಉಡುಪಿ:
ಕ್ರೂಸ್ ಹಡಗಿನ ಡೈನಿಂಗ್ ರೂಮಲ್ಲಿ ಟ್ರೇ ಹೊತ್ತವನು ನಾನು, ಹಾಗಾಗಿ ಒಳಗಿನ ಲೆಕ್ಕ ಹೇಳುತ್ತೇನೆ ಮಾರಾಯ್ರೆ.

ಮೊದಲು ವೈನ್. ಪ್ಯಾಕೇಜ್ ಬೇಡವೇ ಬೇಡ. ಆ ಹಡಗನ್ನು ನಡೆಸುವ ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ಒಂದೇ ರೂಮಿನ ಒಬ್ಬರು ಆಲ್ಕೋಹಾಲ್ ಪ್ಯಾಕೇಜ್ ತಗೊಂಡರೆ ರೂಮಲ್ಲಿರುವ ಉಳಿದ ದೊಡ್ಡವರೂ ತಗೊಳ್ಳಬೇಕು, ಅದು ಸಾಮಾನ್ಯ ನಿಯಮ. ಅಂದ್ರೆ ನಿಂಬೆ ಪಾನಕ ಕುಡಿಯುವ ನಿಮ್ಮ ಅಮ್ಮನಿಗೂ ದುಡ್ಡು ಕಟ್ಟಬೇಕು. ಅದರ ಬದಲು ಮೊದಲ ರಾತ್ರಿ ಊಟಕ್ಕೆ ಒಂದು ಬಾಟಲ್ ಹೇಳಿ. ಅಪ್ಪ ಒಂದು ಗ್ಲಾಸ್ ಕುಡಿದು ಬಿಟ್ಟರೆ ವೇಟರ್ ಬಿರಡೆ ಹಾಕಿ, ರೂಮ್ ನಂಬರ್ ಬರೆದು ಒಳಗಿಡುತ್ತಾನೆ, ಮರುದಿನ ಕೇಳಿದರೆ ಅದೇ ಬಾಟಲ್ ಮೇಜಿಗೆ ಬರುತ್ತದೆ. ಇದನ್ನು ಕೇಳೋಕೆ ನಮ್ಮವರಿಗೆ ಯಾಕೋ ಸಂಕೋಚ! ಮೆನುವಿನ ಬೆಲೆ ಮೇಲೆ ಶೇ. 18 ಸರ್ವಿಸ್ ಚಾರ್ಜ್ ಸೇರುತ್ತದೆ, ಅದು ತಲೆಯಲ್ಲಿರಲಿ. ಬಾಟಲ್ ತೆರೆದು ಮೊದಲು ಒಂದು ಗುಟುಕು ಹಾಕಿ ಕಾಯುತ್ತಾರಲ್ಲ, ಅದು ವೈನ್ ಕೆಟ್ಟಿದೆಯಾ ಅಂತ ನೋಡೋಕೆ. ಮೂಸಿದಾಗ ಒದ್ದೆ ರಟ್ಟಿನ ವಾಸನೆ ಬಂದರೆ ಹೇಳಿ, ಬೇರೆ ಬಾಟಲ್ ತರುತ್ತಾರೆ. ಇಲ್ಲದಿದ್ರೆ ತಲೆ ಆಡಿಸಿದರೆ ಸಾಕು.

ಇನ್ನು ಅಮ್ಮನ ಊಟ. ಬುಕಿಂಗ್ ಮಾಡುವಾಗಲೇ ಬರೆಸಿ, ಆದರೆ ಅಷ್ಟಕ್ಕೇ ನೆಚ್ಚಿಕೊಳ್ಳಬೇಡಿ. ಮೊದಲ ದಿನ ಹೆಡ್ ವೇಟರ್ ಮೇಜಿನ ಹತ್ತಿರ ಬಂದಾಗ ‘ಇಂಡಿಯನ್ ವೆಜ್, ಮೊಟ್ಟೆ ಇಲ್ಲ, ಮೀನೂ ಇಲ್ಲ’ ಅಂತ ಬಾಯಿಬಿಟ್ಟು ಹೇಳಬೇಕು. ಮೀನು ಅಂತ ಬೇರೆ ಹೇಳಲೇಬೇಕು, ಮೀನು ತಿನ್ನುವವರೂ ತಮ್ಮನ್ನು ವೆಜ್ ಅಂದುಕೊಳ್ಳುವುದನ್ನು ನಾವು ಅಲ್ಲಿ ದಿನಾ ನೋಡುತ್ತಿದ್ದೆವು. ಸೂಪ್ ಬಗ್ಗೆಯೂ ಕೇಳಿ, ತರಕಾರಿ ಸೂಪ್ ಅಂತ ಬರೆದಿದ್ದರೂ ಒಳಗೆ ಚಿಕನ್ ಸ್ಟಾಕ್, ಅಂದ್ರೆ ಕೋಳಿ ಬೇಯಿಸಿದ ನೀರು, ಇರಬಹುದು. ಆಮೇಲೆ ಪ್ರತಿ ರಾತ್ರಿ ಊಟದ ಮೇಜಿಂದ ಏಳುವ ಮುಂಚೆ ನಾಳೆಗೆ ಏನು ಬೇಕು ಅಂತ ಹೇಳಿಟ್ಟರೆ ದಾಲ್, ಪನೀರ್, ರೊಟ್ಟಿ ಸರಿಯಾಗಿ ಬರುತ್ತದೆ. ಅಡುಗೆಮನೆಯಲ್ಲಿ ನಮ್ಮ ದೇಶದವರು ಇದ್ದೇ ಇರುತ್ತಾರೆ. ಮೇಜು ದಿನಾ ಬದಲಾದರೆ ದಿನಾ ಹೊಸ ವೇಟರ್, ದಿನಾ ಇದೇ ಪುರಾಣ. ಹಾಗಾಗಿ ನಿಗದಿತ ಸಮಯದ ಊಟವನ್ನೇ ಆರಿಸಿ, ಅದರಲ್ಲಿ ಮೇಜೂ ವೇಟರೂ ದಿನಾ ಅದೇ.

ಜುರಾಂಗ್_ಜಯಣ್ಣ:
ಸಿಂಗಾಪುರದಲ್ಲೇ ಇರೋದು ನಾನು. ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸ್ತೀನಿ: ಹಡಗು ಹತ್ತುವ ದಿನ ದೊಡ್ಡವರು ತಲಾ 750 ಮಿ.ಲೀ. ವೈನ್ ಬಾಟಲ್ ಒಂದನ್ನು ಕೈಚೀಲದಲ್ಲಿ ಒಯ್ಯಬಹುದು. ಅಪ್ಪನಿಗೆ ನಂದಿ ಬೆಟ್ಟದ ಕಡೆಯ ಗ್ರೋವರ್ ಲಾ ರಿಸರ್ವ್ ಇಷ್ಟ ಇದ್ದರೆ ಬೆಂಗಳೂರಿಂದ ಚೆಕ್-ಇನ್ ಬ್ಯಾಗಲ್ಲಿ ಬಟ್ಟೆ ಸುತ್ತಿ ತರಲಿ. ಖರ್ಚೂ ಕಡಿಮೆ.

ಬಾಲ್ಕನಿ ವಿಷಯ. ಮಲಾಕ್ಕಾ ಜಲಸಂಧಿಯ ಸೆಕೆಯಲ್ಲಿ ಬಾಲ್ಕನಿ ಕುರ್ಚಿ ಮೇಲೆ ಬೆವರು ಸುರಿಸಿಕೊಂಡು ಯಾರು ಕೂರ್ತಾರೆ? ಈ ಹಡಗಲ್ಲಿ ಕಿಟಕಿ ಇಲ್ಲದ ಒಳಗಿನ ರೂಮುಗಳಲ್ಲಿ ‘ವರ್ಚುವಲ್ ಬಾಲ್ಕನಿ’ ಅಂತ ನೆಲದಿಂದ ಚಾವಣಿವರೆಗೆ ದೊಡ್ಡ ಪರದೆ ಇದೆ, ಹೊರಗಿನ ಸಮುದ್ರವನ್ನು ಕ್ಯಾಮೆರಾ ಹಿಡಿದು ಅಲ್ಲಿ ತೋರಿಸುತ್ತೆ. ಅದು ಸಾಕು.

ಮೈಸೂರು_ಮಲ್ಲಿಗೆ62:
ಜಯಣ್ಣನವರೇ, ಒಪ್ಪಲ್ಲ. ಅರವತ್ತು ದಾಟಿದವರು ಬೆಳಗ್ಗೆ ಐದಕ್ಕೇ ಏಳ್ತೀವಿ. ಆ ಹೊತ್ತಿಗೆ ಸೆಕೆ ಎಲ್ಲಿ? ಬಾಲ್ಕನಿ ಬಾಗಿಲು ತೆಗೆದು ಇಬ್ಬರೂ ಕಾಫಿ ಹಿಡಿದು ಕೂರುವ ಸುಖ ಪರದೆ ಮುಂದೆ ಬರುತ್ತಾ? ನಮ್ಮ ಯಜಮಾನರಂತೂ ಜೀವಮಾನವೆಲ್ಲ ಬ್ಯಾಂಕ್ ಕೌಂಟರಿನ ಗಾಜಿನ ಹಿಂದೆ ಕೂತವರು, ಅಲ್ಲೂ ಪರದೆ ಅಂದ್ರೆ ಎದ್ದೇ ಹೋಗ್ತಿದ್ರು.

ಅಂದಹಾಗೆ ರೂಮಿಗೆ ಕೆಟಲ್, ಇಸ್ತ್ರಿಪೆಟ್ಟಿಗೆ ಬಿಡಲ್ಲ, ಬೆಂಕಿ ಭಯ. ಬ್ರೂ ಸ್ಯಾಚೆ ಇಟ್ಟುಕೊಂಡರೆ ಬಫೆಯಲ್ಲಿ ಬಿಸಿನೀರು ಸಿಗುತ್ತೆ. ಚಟ್ನಿಪುಡಿ ಅಂಗಡಿಯ ಸೀಲ್ ಪ್ಯಾಕೆಟ್ಟೇ ಒಯ್ಯಿ ತಾಯಿ.

ಹಳೇ_ವೇಟರ್_ಉಡುಪಿ:
ಒಳಗಿನದೋ ಬಾಲ್ಕನಿಯೋ, ಅದು ನಿಮ್ಮ ಜೇಬಿಗೆ ಬಿಟ್ಟದ್ದು. ಜಾಗ ಮಾತ್ರ ನೋಡಿ ಆರಿಸಿ. ಹಡಗಿನ ಮಧ್ಯಭಾಗ, ಕೆಳಗಿನ ಡೆಕ್ (ಮಹಡಿ) ಆದರೆ ತೂಗಾಟ ಕಡಿಮೆ. ಮೂತಿಯ ಕಡೆ ಜಾಸ್ತಿ ಕುಲುಕುತ್ತದೆ, ಬೆಳಗ್ಗೆ ಬಂದರಿಗೆ ಬರುವಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್ ಯಂತ್ರದ ಸದ್ದೂ ಇರುತ್ತದೆ. ಈಜುಕೊಳ ಅಥವಾ ಬಫೆ ಇರುವ ಡೆಕ್ಕಿನ ಕೆಳಗಿನ ರೂಮು ಬೇಡ, ಬೆಳಕು ಹರಿಯುವ ಮುಂಚೆ ಕುರ್ಚಿ ಎಳೆಯುವ ಶಬ್ದ ನೆತ್ತಿ ಮೇಲೆ. ‘ಗ್ಯಾರಂಟಿ’ ರೂಮು ಅಗ್ಗ, ಆದರೆ ಯಾವ ರೂಮು ಅಂತ ಕಂಪನಿ ಆರಿಸುತ್ತದೆ. ನಂಬರ್ ಹಿಡಿದು ಮೇಲಿನ, ಕೆಳಗಿನ ಡೆಕ್ ಪ್ಲಾನ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ತುಮಕೂರು_ಹುಡುಗಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ! ಬಾಲ್ಕನಿಗೆ ಅಮ್ಮನ ಓಟು ಬಿತ್ತು, ಮಧ್ಯದಲ್ಲೇ ಹುಡುಕ್ತೀನಿ. ಟಿಪ್ಸ್ ಬೇರೆ ಕೊಡಬೇಕಾ?

ಹಳೇ_ವೇಟರ್_ಉಡುಪಿ:
ದಿನಕ್ಕೆ ಇಷ್ಟು ಡಾಲರ್ ಅಂತ ತಲೆಗೊಂದು ಲೆಕ್ಕದಲ್ಲಿ ಬಿಲ್ಲಿಗೆ ಅದೇ ಸೇರುತ್ತದೆ. ಮುಂಗಡ ಕಟ್ಟಿದ್ದರೆ ಮುಗೀತು. ಅಮ್ಮನಿಗೆ ದಿನಾ ಬೇರೆ ಅಡುಗೆ ಮಾಡಿಸಿ ತಂದ ಹುಡುಗನಿಗೆ ಕೊನೆ ರಾತ್ರಿ ಕೈಯಲ್ಲಿ ಏನಾದ್ರೂ ಇಟ್ಟರೆ ಅವನು ಬೇಡ ಅನ್ನುವುದಿಲ್ಲ, ಆಯ್ತಾ?