ಮರಡಿಹಳ್ಳಿಯ ಕಲ್ಲು, ಮಂಗಳನ ಕಲ್ಲು: ನೀರಿದ್ದಲ್ಲಿ ಜೀವವೂ ಇದ್ದೀತೇ?

ಪ್ರಶ್ನೆ: ಕೋಟೆನಾಡಿನ ಓದುಗ, ಚಿತ್ರದುರ್ಗ

ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿರುವ ದಿಂಬಿನಾಕಾರದ ಲಾವಾ ಶಿಲೆಯನ್ನು ಇಲ್ಲಿನ ಹಲವರು ನೋಡಿರುತ್ತೀರಿ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿ ತಣಿದ ಲಾವಾ ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಮಳೆಗಾಗಿ ಮುಗಿಲು ನೋಡುತ್ತ ಕೂರುವ ನಮ್ಮ ಸೀಮೆ ಒಂದು ಕಾಲಕ್ಕೆ ನೀರಿನಡಿ ಇತ್ತೆಂಬುದನ್ನು ಒಪ್ಪಬಹುದು. ಆದರೆ ಮಂಗಳನಲ್ಲಿ ಹಿಂದೆ ನೀರು ಹರಿದಿತ್ತು, ಶನಿಯ ಉಪಗ್ರಹ ಎನ್ಸೆಲಾಡಸ್‌ನ ಹಿಮದಡಿ ಸಾಗರವಿದೆ ಎಂಬ ಸುದ್ದಿ ಬಂದಾಗಲೆಲ್ಲ, ಮರುವಾಕ್ಯದಲ್ಲೇ ಜೀವದ ಮಾತು ಬರುತ್ತದೆ. ನೀರಿತ್ತು ಎಂದರೆ ಜೀವವಿತ್ತು ಎಂದೇ ಅರ್ಥವೇ? ಮರಡಿಹಳ್ಳಿಯ ಲಾವಾ ಉಕ್ಕಿದ ಕಾಲದಲ್ಲಿ ಭೂಮಿಯ ಮೇಲೆ ಜೀವವಿತ್ತೇ? ಇದ್ದಿದ್ದರೆ ಅದರಿಂದ ವಿಶ್ವದ ಬೇರೆಡೆಯ ಬಗ್ಗೆ ಏನಾದರೂ ಹೇಳಬಹುದೇ? ಹಾರುವ ತಟ್ಟೆಗಳ ವಿಷಯವನ್ನು ಬದಿಗಿಟ್ಟು ಬಲ್ಲವರು ಉತ್ತರಿಸಬೇಕೆಂದು ವಿನಂತಿ.

ಉತ್ತರ: ನಿವೃತ್ತ ಭೂವಿಜ್ಞಾನ ಉಪನ್ಯಾಸಕ, ಚಿತ್ರದುರ್ಗ

ಮಾನ್ಯರೇ, ಮೊದಲು ಕಲ್ಲಿನ ಮಾತನ್ನೇ ಆಡುತ್ತೇನೆ. ಇಂತಹ ಬಂಡೆಯ ಹತ್ತಿರ ಕುಳಿತು ನೋಡಿದರೆ ಒಂದೊಂದು ಉಂಡೆಯ ಅಂಚಿನಲ್ಲೂ ಒಳಭಾಗಕ್ಕಿಂತ ನುಣುಪಾದ ತೆಳು ಪದರವೊಂದು ಕಾಣುತ್ತದೆ. ಲಾವಾ ತಣ್ಣೀರಿಗೆ ತಾಗಿದೊಡನೆ ಹೊರಮೈ ಗಟ್ಟಿಯಾಗಿ, ಒಳಗಿನ ರಸ ನಿಧಾನವಾಗಿ ತಣಿದದ್ದರ ಗುರುತು ಅದು. ಮೇಲಿನ ಉಂಡೆ ಇನ್ನೂ ಮೆತ್ತಗಿರುವಾಗಲೇ ಕೆಳಗಿನ ಎರಡು ಉಂಡೆಗಳ ಸಂದಿಗೆ ಇಳಿಯುವುದರಿಂದ ಅದರ ಅಡಿ ಚೂಪಾಗುತ್ತದೆ. ಮುಂದೆ ಪದರಗಳೇ ಮಗುಚಿ ಬಿದ್ದರೂ ಮೂಲದಲ್ಲಿ ಯಾವ ಮೈ ಮೇಲಿತ್ತೆಂದು ನಾವು ಹೇಳುವುದು ಈ ಚೂಪಿನ ಆಧಾರದ ಮೇಲೆಯೇ. ಇಷ್ಟೆಲ್ಲ ಹೇಳುವ ಕಲ್ಲು ಜೀವದ ಬಗ್ಗೆ ಮಾತ್ರ ಏನೂ ಹೇಳುವುದಿಲ್ಲ. ಅದು ನೀರಿಗೆ ಸಾಕ್ಷಿ, ಅಷ್ಟೆ.

ಆ ಕಾಲದಲ್ಲಿ ಜೀವವಿತ್ತೆಂಬುದು ಬೇರೆ ಕಲ್ಲುಗಳಿಂದ ತಿಳಿದಿದೆ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಬೆಳೆಸಿದ ಸ್ಟ್ರೊಮ್ಯಾಟೊಲೈಟ್‌ಗಳು ಆಸ್ಟ್ರೇಲಿಯದ ಪಿಲ್ಬಾರಾದಲ್ಲಿ ಸಿಕ್ಕಿದ್ದು, ಅವು ಸುಮಾರು 348 ಕೋಟಿ ವರ್ಷ ಹಳೆಯವು. ನಮ್ಮ ಚಿತ್ರದುರ್ಗದ ಶಿಲಾಪಟ್ಟಿಯ ಸುಣ್ಣಕಲ್ಲುಗಳಲ್ಲೂ ಇಂತಹ ರಚನೆಗಳು ದಾಖಲಾಗಿವೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವಾದ್ದರಿಂದ ಅದರ ಮೊದಲ ಕಾಲುಭಾಗದಲ್ಲೇ ಜೀವ ನೆಲೆಯೂರಿತ್ತು ಎಂದಾಯಿತು. ಇಷ್ಟು ಬೇಗ ಹುಟ್ಟಿದ್ದು ಬೇರೆಡೆಯೂ ಸುಲಭವಾಗಿ ಹುಟ್ಟಬೇಕಲ್ಲವೇ ಎಂಬ ವಾದ ಇಲ್ಲಿಂದಲೇ ಹೊರಡುತ್ತದೆ. ಭೌತವಿಜ್ಞಾನಿ ಬ್ರ್ಯಾಂಡನ್ ಕಾರ್ಟರ್ 1983ರಲ್ಲಿ ಮುಂದಿಟ್ಟ ಆಕ್ಷೇಪದ ಜಾಡಿನಲ್ಲಿ ನಡೆದರೆ ಈ ವಾದ ಸಡಿಲವಾಗುತ್ತದೆ: ಪ್ರಶ್ನೆ ಕೇಳಬಲ್ಲ ಜೀವಿ ರೂಪುಗೊಳ್ಳಲು ನೂರಾರು ಕೋಟಿ ವರ್ಷಗಳು ಬೇಕಾಗುವುದಾದರೆ, ಜೀವ ತಡವಾಗಿ ಹುಟ್ಟಿದ ಗ್ರಹದಲ್ಲಿ ಹೀಗೆ ಕುಳಿತು ಚರ್ಚಿಸುವವರೇ ಇರುವುದಿಲ್ಲ, ಆದ್ದರಿಂದ ನಮ್ಮ ಗ್ರಹದಲ್ಲಿ ಜೀವ ಬೇಗ ಹುಟ್ಟಿತ್ತು ಎಂಬುದು ಆಶ್ಚರ್ಯವೂ ಅಲ್ಲ, ಪುರಾವೆಯೂ ಅಲ್ಲ.

ಉತ್ತರ: ಭೌತಶಾಸ್ತ್ರದ ಅಧ್ಯಾಪಕಿ, ದಾವಣಗೆರೆ

ಹಿರಿಯರು ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಭೂಮಿಯ ವಾತಾವರಣದಲ್ಲಿ ಆಮ್ಲಜನಕ ಗಣನೀಯವಾಗಿ ಕೂಡಿಕೊಳ್ಳತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಮರಡಿಹಳ್ಳಿಯ ಲಾವಾ ಅದಕ್ಕಿಂತ ಹಳೆಯದು. ಆ ಹೊತ್ತಿನಲ್ಲಿ ದೂರದ ನಕ್ಷತ್ರವೊಂದರ ಬಳಿಯಿಂದ ಯಾರಾದರೂ ದೂರದರ್ಶಕದಲ್ಲಿ ಭೂಮಿಯನ್ನು ನೋಡಿ, ಜೀವದ ಗುರುತೆಂದು ಗಾಳಿಯಲ್ಲಿ ಆಮ್ಲಜನಕವನ್ನು ಹುಡುಕಿದ್ದರೆ, ಇದೊಂದು ಬರಡು ಗ್ರಹವೆಂದು ಷರಾ ಬರೆದು ಮುಂದೆ ಸಾಗುತ್ತಿದ್ದರು. ಆದರೆ ಸಾಗರದಲ್ಲಿ ಜೀವ ತುಂಬಿತ್ತು!

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗಬಹುದು. 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್‌ನ ಸುಳಿವಿದೆ ಎಂದು ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ಅವರ ತಂಡ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದಾಗ ಪತ್ರಿಕೆಗಳು ಜೀವವೇ ಸಿಕ್ಕಿತೆಂಬಂತೆ ಬರೆದವು. ಭೂಮಿಯಲ್ಲಿ ಈ ಅನಿಲವನ್ನು ಹೆಚ್ಚಾಗಿ ಸಾಗರದ ಸೂಕ್ಷ್ಮಸಸ್ಯಗಳೇ ಹುಟ್ಟಿಸುತ್ತವೆ, ನಿಜ. ಆದರೆ 67ಪಿ ಎಂಬ ಧೂಮಕೇತುವಿನಲ್ಲೂ ಅದೇ ಅಣು ಪತ್ತೆಯಾಗಿದೆ, ಧೂಮಕೇತುವಿನಲ್ಲಿ ಯಾವ ಪಾಚಿಯೂ ಇಲ್ಲ. ಅದೇ ದತ್ತಾಂಶವನ್ನು ಬೇರೆ ತಂಡಗಳು ವಿಶ್ಲೇಷಿಸಿದಾಗ ಆ ಸುಳಿವೂ ದುರ್ಬಲವೆಂದು ಕಂಡಿತು. ಮೊದಲ ಪ್ರಕಟಣೆ ಸುದ್ದಿಯಾದಷ್ಟು ಈ ಮರುವಿಶ್ಲೇಷಣೆ ಸುದ್ದಿಯಾಗಲಿಲ್ಲ ಎಂಬುದು ನನ್ನ ದೂರು.

ಉತ್ತರ: ಸೂಳೆಕೆರೆ ಸೀಮೆಯವ

ತಾವಿಬ್ಬರೂ ಅತಿ ಎಚ್ಚರಿಕೆಯಿಂದ ಮಾತನಾಡುತ್ತಿದ್ದೀರಿ. ನಮ್ಮ ಗ್ಯಾಲಕ್ಸಿಯೊಂದರಲ್ಲೇ ಕನಿಷ್ಠ ಹತ್ತು ಸಾವಿರ ಕೋಟಿ ನಕ್ಷತ್ರಗಳಿವೆ. ಬೇರೆ ನಕ್ಷತ್ರಗಳ ಸುತ್ತ ಖಚಿತವಾಗಿ ಪತ್ತೆಯಾದ ಗ್ರಹಗಳೇ 6,000 ದಾಟಿವೆ. ಇಷ್ಟು ನೆಲೆಗಳಿರುವಾಗ ಜೀವ ನಮ್ಮಲ್ಲಿ ಮಾತ್ರ ಇದೆ ಎನ್ನುವುದು ಬಾವಿಯ ಕಪ್ಪೆಯ ಮಾತಾಗುವುದಿಲ್ಲವೇ?

ಉತ್ತರ: ಭೌತಶಾಸ್ತ್ರದ ಅಧ್ಯಾಪಕಿ, ದಾವಣಗೆರೆ

ನಮ್ಮಲ್ಲಿ ಮಾತ್ರ ಇದೆ ಎಂದು ಇಲ್ಲಿ ಯಾರೂ ಹೇಳಿಲ್ಲ. ನಮ್ಮ ಗ್ಯಾಲಕ್ಸಿಯಲ್ಲಿ ಸಂಕೇತ ಕಳಿಸಬಲ್ಲ ನಾಗರಿಕತೆಗಳೆಷ್ಟಿರಬಹುದೆಂದು ಅಂದಾಜಿಸಲು 1961ರಲ್ಲಿ ಖಗೋಳವಿಜ್ಞಾನಿ ಫ್ರ್ಯಾಂಕ್ ಡ್ರೇಕ್ ಬರೆದ ಸಮೀಕರಣದಲ್ಲಿ ನಕ್ಷತ್ರ ಮತ್ತು ಗ್ರಹಗಳ ಪದಗಳನ್ನು ಈಗ ತಕ್ಕಮಟ್ಟಿಗೆ ತುಂಬಬಹುದು. ಜೀವ ಹುಟ್ಟುವ ಸಂಭವನೀಯತೆಯ ಪದ ಮಾತ್ರ ಖಾಲಿಯಾಗಿಯೇ ಉಳಿದಿದೆ. ಹತ್ತು ಸಾವಿರ ಕೋಟಿ ಎಂಬ ಸಂಖ್ಯೆಯನ್ನು ಖಾಲಿ ಜಾಗದಿಂದ ಗುಣಿಸಿದರೆ ಬರುವ ಉತ್ತರ ಗುಣಿಸಿದವರ ಇಷ್ಟದ ಉತ್ತರವಾಗಿರುತ್ತದೆ. ನನ್ನ ಸ್ವಂತ ಊಹೆಯನ್ನು ಕೇಳಿದರೆ, ಸೂಕ್ಷ್ಮಜೀವಿಗಳು ಅಲ್ಲಲ್ಲಿ ಇರಬಹುದು. ರೇಡಿಯೋ ಸಂಕೇತ ಕಳಿಸಬಲ್ಲವರು ಬಹು ವಿರಳ.

ಪ್ರಶ್ನೆ ಕೇಳಿದವರಿಂದ

ಹಾಗಾದರೆ ಯಾವ ಸಾಕ್ಷ್ಯ ಸಿಕ್ಕರೆ ತಾವು ಒಪ್ಪುತ್ತೀರಿ?

ಉತ್ತರ: ನಿವೃತ್ತ ಭೂವಿಜ್ಞಾನ ಉಪನ್ಯಾಸಕ, ಚಿತ್ರದುರ್ಗ

ಒಂದೇ ಸುಳಿವಿಗೆ ನಾನು ಒಪ್ಪಲಾರೆ. ನಾಸಾದ ಪರ್ಸಿವಿಯರೆನ್ಸ್ ರೋವರ್ 2024ರ ಜುಲೈನಲ್ಲಿ ಮಂಗಳನ ಜೆಜಿರೊ ಕುಳಿಯ ಕೆಸರುಗಲ್ಲೊಂದರಲ್ಲಿ ಚಿರತೆಯ ಮೈಮೇಲಿನಂತಹ ಚುಕ್ಕೆಗಳನ್ನು ಕಂಡು ಮಾದರಿ ತೆಗೆದಿದೆ. ಆ ಚುಕ್ಕೆಗಳಲ್ಲಿ ಇರುವಂತೆ ತೋರುವ ವಿವಿಯನೈಟ್ ಮತ್ತು ಗ್ರೀಗೈಟ್ ಖನಿಜಗಳು ಭೂಮಿಯ ಕೆಸರಿನಲ್ಲಿ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದಲೂ ಆಗುತ್ತವೆ, ಬರಿಯ ರಾಸಾಯನಿಕ ಕ್ರಿಯೆಯಿಂದಲೂ ಆಗಬಹುದು. ಆದ್ದರಿಂದಲೇ 2025ರ ಸೆಪ್ಟೆಂಬರ್‌ನ ಪ್ರಬಂಧವು ಅದನ್ನು ಸಂಭಾವ್ಯ ಜೀವಕುರುಹು ಎಂದಷ್ಟೇ ಕರೆಯಿತು. ಆ ಕಲ್ಲು ಭೂಮಿಯ ಪ್ರಯೋಗಾಲಯಕ್ಕೆ ಬಾರದೆ ಪ್ರಶ್ನೆ ಬಗೆಹರಿಯದು.

ನಾನು ಹೆಚ್ಚು ತೂಕ ಕೊಡುವುದು ಅಣುಗಳ ಎಡ-ಬಲ ರೂಪಗಳಿಗೆ, ಅಂದರೆ ನಮ್ಮ ಎರಡು ಕೈಗಳಂತೆ ಒಂದು ಇನ್ನೊಂದರ ಕನ್ನಡಿ ಬಿಂಬದಂತಿರುವ ರೂಪಗಳಿಗೆ. ನಮ್ಮ ಪ್ರೋಟೀನುಗಳು ತಮ್ಮ ಕಟ್ಟಡದ ಇಟ್ಟಿಗೆಗಳಾಗಿ ಎಡ ರೂಪದ ಅಮೈನೊ ಆಮ್ಲಗಳನ್ನೇ ಬಳಸುತ್ತವೆ. ‘ಬೆನ್ನು’ ಎಂಬ ಹೆಸರಿನ ಕ್ಷುದ್ರಗ್ರಹದಿಂದ 2023ರಲ್ಲಿ ತಂದ ಮಾದರಿಯಲ್ಲಿ, ಭೂಮಿಯ ಜೀವಿಗಳು ಪ್ರೋಟೀನಿಗೆ ಬಳಸುವ 20 ಅಮೈನೊ ಆಮ್ಲಗಳ ಪೈಕಿ 14 ಸಿಕ್ಕವು, ಆದರೆ ಎಡ-ಬಲ ರೂಪಗಳು ಹೆಚ್ಚುಕಡಿಮೆ ಸಮಸಮವಾಗಿದ್ದವು. ಜೀವವಿಲ್ಲದ ರಸಾಯನಕ್ರಿಯೆ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಮಂಗಳನ ಕೆಸರುಗಲ್ಲಿನಲ್ಲೋ ಎನ್ಸೆಲಾಡಸ್ ಚಿಮ್ಮಿಸುವ ನೀರಿನಲ್ಲೋ ಹಲವು ಅಮೈನೊ ಆಮ್ಲಗಳು ಒಂದೇ ರೂಪದವಾಗಿ ಸಿಕ್ಕು, ಅವು ಭೂಮಿಯಿಂದ ಅಂಟಿಕೊಂಡು ಹೋದವಲ್ಲವೆಂದು ಖಚಿತವಾದರೆ, ಆಗ ನಾನು ಒಪ್ಪುತ್ತೇನೆ. ಬಲ ರೂಪದವೇ ಸಿಕ್ಕರಂತೂ ಸಂಶಯಕ್ಕೆ ಹೆಚ್ಚು ಜಾಗವಿರುವುದಿಲ್ಲ.